ಬೇರಿನ ಒಳರಚನೆಯ ಮೇಲೆ ಮಣ್ಣಿನ ಪ್ರಭಾವ

ಎಪಿಡರ್ಮಿಸ್, ಕಾರ್ಟೆಕ್ಸ್, ಎಂಡೋಡರ್ಮಿಸ್, ನಡುವೆ ಕ್ಸೈಲಂ ಮತ್ತು ಫ್ಲೋಯಂ: ಬೇರಿನ ಅಡ್ಡಸೀಳಿಕೆಯ ಈ ಕ್ರಮ ಬಹುತೇಕ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಬೆಳೆಯುವ ಪರಿಸರ ಬದಲಾದರೆ ಈ ಚಿತ್ರವೂ ಬದಲಾಗುತ್ತದೆ. ನಿಜವಾಗಿ ಅರ್ಥಮಾಡಿಕೊಳ್ಳಬೇಕಾದ ಭಾಗ ಇದೇ.

ಭತ್ತವನ್ನು ನೋಡಿ. ಆಮ್ಲಜನಕವು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಕೆಸರುಗದ್ದೆಯ ಬೇರಿಗೆ ಉಸಿರಾಟ ಕಷ್ಟ. ಬೇರಿನಲ್ಲಿ ಹುಟ್ಟುವ ಎಥಿಲೀನ್ ಅನಿಲವೂ ಹೊರಹೋಗಲಾರದೆ ಒಳಗೇ ಶೇಖರವಾಗುತ್ತದೆ. ಅದರ ಪ್ರಚೋದನೆಯಿಂದ ಕಾರ್ಟೆಕ್ಸ್‌ನ ಕೆಲವು ಜೀವಕೋಶಗಳು ಸಾಯುತ್ತವೆ. ಹೀಗೆ ತೆರವಾದ ಗಾಳಿಯ ಓಣಿಗಳೇ ಏರೆಂಕೈಮಾ, ಅಂದರೆ ವಾಯು ಅಂಗಾಂಶ. ಎಲೆ, ಕಾಂಡದ ಆಮ್ಲಜನಕ ಇದರ ಮೂಲಕ ಬೇರಿನ ತುದಿಗೆ ಇಳಿಯುತ್ತದೆ. ದಾರಿಯಲ್ಲಿ ಅದು ಸೋರಿಹೋಗದಂತೆ ಹೊರಪದರಗಳಲ್ಲಿ ಸುಬೆರಿನ್ ಎಂಬ ಮೇಣದಂತಹ ವಸ್ತುವಿನ ತಡೆಗೋಡೆಯೂ ಬೆಳೆಯುತ್ತದೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ!

ಭತ್ತದಲ್ಲಿ ನೀರು ನಿಲ್ಲದಿದ್ದರೂ ಏರೆಂಕೈಮಾ ತಕ್ಕಮಟ್ಟಿಗೆ ಇರುತ್ತದೆ. ನೀರು ನಿಂತಾಗ ಹೆಚ್ಚುತ್ತದೆ. ಮೆಕ್ಕೆಜೋಳದಲ್ಲಿ ಇದು ಮುಖ್ಯವಾಗಿ ಒತ್ತಡದ ಸ್ಥಿತಿಯಲ್ಲಿ ಕಾಣುತ್ತದೆ. ನೀರು ನಿಂತಾಗ ಮಾತ್ರವಲ್ಲ, ಸಾರಜನಕ ಅಥವಾ ರಂಜಕದ ಕೊರತೆಯಾದಾಗಲೂ ಮೂಡುತ್ತದೆ. ಜೀವಂತ ಕೋಶಗಳು ಕಡಿಮೆಯಾದಷ್ಟೂ ಬೇರನ್ನು ಸಾಕುವ ಖರ್ಚು ಕಡಿಮೆ. "ಏರೆಂಕೈಮಾ ಜಲಸಸ್ಯಗಳಲ್ಲಿ ಮಾತ್ರ" ಎಂಬ ಹೇಳಿಕೆ ಆದ್ದರಿಂದ ತಪ್ಪು.

ಇನ್ನು ಬರ ಬಂದಾಗ ಅಥವಾ ಮಣ್ಣಿನಲ್ಲಿ ಉಪ್ಪಿನಂಶ ಹೆಚ್ಚಿದಾಗ ಹಲವು ಸಸ್ಯಗಳ ಎಂಡೋಡರ್ಮಿಸ್‌ನಲ್ಲಿ ಸುಬೆರಿನ್ ಲೇಪನ ಹೆಚ್ಚುತ್ತದೆ. ನೀರಿನ ನಷ್ಟ ಮತ್ತು ಸೋಡಿಯಂನ ಒಳಹರಿವು ಎರಡಕ್ಕೂ ಅದು ಅಡ್ಡಿ.