ಕಲ್ಲಿದ್ದಲಿನ ಬೂದಿ ಮತ್ತು ವಿಕಿರಣ

ಪ್ರಶ್ನೆ: ಕಲ್ಲಿದ್ದಲಿನ ಹೊಗೆಯಲ್ಲಿ ಅಣುಸ್ಥಾವರಕ್ಕಿಂತ ಹೆಚ್ಚು ವಿಕಿರಣ ಇರುತ್ತದೆ ಎನ್ನುತ್ತಾರೆ. ನಿಜವೇ? ಇದರಿಂದ ಕ್ಯಾನ್ಸರ್ ಬರುತ್ತದೆಯೇ?
– ಓದುಗರು, ನೆಹರು ನಗರ, ಬೆಳಗಾವಿ

ಉತ್ತರ: ಮಣ್ಣು, ಬಂಡೆಗಳಲ್ಲಿ ಇರುವಂತೆ ಕಲ್ಲಿದ್ದಲಿನಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಒಂದು ಟನ್ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ 1ರಿಂದ 4 ಗ್ರಾಂ ಯುರೇನಿಯಂ ಸಿಗುತ್ತದೆ. ಇಂಗಾಲ ಉರಿದುಹೋದ ಮೇಲೆ ಇವೆಲ್ಲ ಬೂದಿಯಲ್ಲಿ ಉಳಿದು ಸಾಂದ್ರವಾಗುತ್ತವೆ. ಶೇ 10ರಷ್ಟು ಬೂದಿ ಬಿಡುವ ಕಲ್ಲಿದ್ದಲಾದರೆ ಬೂದಿಯಲ್ಲಿ ಅವುಗಳ ಪ್ರಮಾಣ ಹತ್ತು ಪಟ್ಟು ಆಗುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲೇ ಶೇ 30ರಿಂದ 45. ಹಾಗಾಗಿ ಏರಿಕೆ ಎರಡು-ಮೂರು ಪಟ್ಟು ಮಾತ್ರ. ಕಳಪೆ ಎನ್ನಿಸಿಕೊಂಡ ಕಲ್ಲಿದ್ದಲಿಗೆ ಈ ಒಂದು ವಿಷಯದಲ್ಲಷ್ಟೇ ಮೇಲುಗೈ. ಬೂದಿಯ ಗುಡ್ಡ ಮಾತ್ರ ಅದಕ್ಕೆ ತಕ್ಕಂತೆ ಬೆಳೆಯುತ್ತದೆ.

ಅಣುಸ್ಥಾವರದ ಜೊತೆಗಿನ ಹೋಲಿಕೆ ಹೆಸರಾದದ್ದು 1978ರಲ್ಲಿ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸರಿಯಾಗಿ ನಡೆಯುತ್ತಿರುವ ಅಣುಸ್ಥಾವರದ ಸುತ್ತಲಿನವರಿಗೆ ತಗಲುವ ವಿಕಿರಣಕ್ಕೆ ಹೋಲಿಸಿದರೆ, ಕಲ್ಲಿದ್ದಲು ಸ್ಥಾವರದ ಸುತ್ತಲಿನವರಿಗೆ ತಗಲುವುದು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಎಂಬುದು ಅದರ ಸಾರ. ಎರಡೂ ತೀರಾ ಕಡಿಮೆ ಎಂಬ ಅರ್ಧ ಭಾಗ ಬಾಯಿಂದ ಬಾಯಿಗೆ ದಾಟುವಾಗ ಬಿಟ್ಟುಹೋಯಿತು. ಲೆಕ್ಕ ಹೇಳಿದ್ದು ಎಂದಿನ ದಿನಗಳ ಬಗ್ಗೆ, ಅವಘಡದ ಬಗ್ಗೆ ಅಲ್ಲ. ಅಣುಸ್ಥಾವರದಲ್ಲಿ ಬಳಸಿ ತೆಗೆದ ಇಂಧನದ ಮಾತೂ ಅದರಲ್ಲಿಲ್ಲ. ಆದ್ದರಿಂದ ಕೈಗಾದ ಅಣುಸ್ಥಾವರದ ಪಕ್ಕದಲ್ಲಿ ಇರುವುದಕ್ಕಿಂತ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಪಕ್ಕದಲ್ಲಿ ಇರುವುದು ನೂರು ಪಟ್ಟು ಅಪಾಯ ಎಂದು ಅದನ್ನು ಓದಿಕೊಳ್ಳಲಾಗದು.

ವಿಕಿರಣವನ್ನು ಅಳೆದು ನೋಡಿದರೆ ವಿಷಯ ತಿಳಿಯಾಗುತ್ತದೆ. ನೆಲ, ಆಕಾಶ, ಗಾಳಿ, ಆಹಾರಗಳಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ತಗಲುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಉದ್ಯಮಗಳಿಂದ ಸಾರ್ವಜನಿಕರಿಗೆ ಇದರ ಮೇಲೆ ಸೇರಬಹುದಾದ ಗರಿಷ್ಠ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಬೂದಿಯನ್ನು ಸರಿಯಾಗಿ ಹಿಡಿಯುವ ಕಲ್ಲಿದ್ದಲು ಸ್ಥಾವರದ ನೆರೆಯವರಿಗೆ ಸೇರುವುದು ಈ ಮಿತಿಯ ನೂರನೇ ಒಂದು ಭಾಗದ ಆಸುಪಾಸು. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ 8ರಿಂದ 10 ಮಿಲಿಸೀವರ್ಟ್ ತಗಲುತ್ತದೆ. ‘ಯಾವುದಕ್ಕೂ ಒಂದು ಸ್ಕ್ಯಾನ್ ಆಗಿಬಿಡಲಿ’ ಎಂದು ಕೇಳಿಕೊಂಡು ಬರುವವರಿಗೆ ಈ ಅಂಕಿ ಹೇಳಬೇಕಾದದ್ದೇ.

ಬೆಳಗಾವಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರ ಇಲ್ಲ. ರಾಜ್ಯದಲ್ಲಿರುವ ದೊಡ್ಡವು ರಾಯಚೂರಿನ ಶಕ್ತಿನಗರ (1,720 ಮೆಗಾವಾಟ್) ಮತ್ತು ಯರಮರಸ್, ಬಳ್ಳಾರಿಯ ಕುಡತಿನಿ, ಉಡುಪಿಯ ನಂದಿಕೂರು, ವಿಜಯಪುರ ಜಿಲ್ಲೆಯ ಕೂಡಗಿ (2,400 ಮೆಗಾವಾಟ್). ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಿಗೆ ಮುಖ್ಯ ಇಂಧನ ಕಬ್ಬಿನ ಸಿಪ್ಪೆ. ಅದರ ಹೊಗೆಯಿಂದ ಕೆಮ್ಮು ಬಂದೀತು, ವಿಕಿರಣದ ಚಿಂತೆ ಬೇಕಿಲ್ಲ. ನಗರದ ನೆಲವೂ ಬಹುಪಾಲು ಕಪ್ಪುಕಲ್ಲಿನದು. ದಖನ್ನಿನ ಈ ಬಸಾಲ್ಟಿನಲ್ಲಿ ಯುರೇನಿಯಂ, ಥೋರಿಯಂ ಕಡಿಮೆ. ಪೂರ್ವ ಕರ್ನಾಟಕದ ಗ್ರಾನೈಟ್ ಸೀಮೆಯ ಸಹಜ ವಿಕಿರಣ ಇದಕ್ಕಿಂತ ಹೆಚ್ಚು.

ಕುಲುಮೆಯ ಬಿಸಿಗೆ ಆವಿಯಾಗಿ ಹೊಗೆಯ ಜೊತೆ ಏರುವ ಎರಡು ಧಾತುಗಳ ಮಾತು ಬೇರೆ: ಸೀಸ-210 ಮತ್ತು ಪೊಲೋನಿಯಂ-210. ಹೊಗೆ ತಣಿಯುವಾಗ ಇವು ಅತಿ ಸಣ್ಣ ಬೂದಿಕಣಗಳ ಮೇಲೆ ಕೂರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇಂಥ ಕಣಗಳೇ. ಸ್ಥಾವರಗಳ ಸ್ಥಾಯೀವಿದ್ಯುತ್ ಶೋಧಕಗಳು ಬೂದಿಯ ಶೇ 99ಕ್ಕೂ ಹೆಚ್ಚು ಭಾಗವನ್ನು ಹಿಡಿದರೂ, ತಪ್ಪಿಸಿಕೊಳ್ಳುವುದರಲ್ಲಿ ಸಣ್ಣ ಕಣಗಳ ಪಾಲೇ ದೊಡ್ಡದು.

ಇದೇ ಪೊಲೋನಿಯಂ ತಂಬಾಕಿನ ಎಲೆಯಲ್ಲೂ ಇದೆ. ಗಾಳಿಯಿಂದ ಬಿದ್ದ ಸೀಸ-210 ಎಲೆಗೆ ಅಂಟಿಕೊಳ್ಳುತ್ತದೆ, ಗೊಬ್ಬರ ಮತ್ತು ಮಣ್ಣಿನಿಂದಲೂ ಸೇರುತ್ತದೆ. ಸೇದಿದಾಗ ನೇರ ಶ್ವಾಸನಾಳಕ್ಕೆ. ನಿಪ್ಪಾಣಿಯ ತಂಬಾಕು, ಬೀಡಿಗೆ ಹೆಸರಾದ ಈ ಜಿಲ್ಲೆಯಲ್ಲಿ, ದೂರದ ಚಿಮಣಿಗೆ ಹೆದರುತ್ತಲೇ ದಿನಕ್ಕೆ ಒಂದು ಕಟ್ಟು ಬೀಡಿ ಸೇದುವವರು ತಮ್ಮ ಶ್ವಾಸಕೋಶಕ್ಕೆ ಕೈಯಾರೆ ಕೊಡುವ ವಿಕಿರಣ ಆ ಚಿಮಣಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ತಂಬಾಕಿನ ಇತರ ವಿಷಗಳ ಲೆಕ್ಕ ಬೇರೆಯೇ ಇದೆ.

ಕಲ್ಲಿದ್ದಲಿನ ಹೊಗೆ ನಿರುಪದ್ರವಿ ಎಂದು ಇದರರ್ಥವಲ್ಲ. ಅದರ ಸೂಕ್ಷ್ಮ ದೂಳು ಹೃದಯಾಘಾತ, ಪಾರ್ಶ್ವವಾಯು, ದಮ್ಮು, ಶ್ವಾಸಕೋಶದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಗಂಧಕದ ಡೈಆಕ್ಸೈಡ್, ಪಾದರಸ, ಆರ್ಸೆನಿಕ್ ಅದರ ಜೊತೆಗಿವೆ. ವಿಕಿರಣಶೀಲ ಧಾತುಗಳನ್ನೆಲ್ಲ ತೆಗೆದುಹಾಕಿದರೂ ಆ ಹೊಗೆಯಿಂದಾಗುವ ಕಾಯಿಲೆಗಳ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಪ್ರಶ್ನೆ: ಹಾರುಬೂದಿ ಇಟ್ಟಿಗೆಯಲ್ಲಿ ಮನೆ ಕಟ್ಟಬಹುದೇ?

ಉತ್ತರ: ಕಟ್ಟಬಹುದು. ಇಟ್ಟಿಗೆ ಬೇಡವೆಂದರೂ ಬೂದಿ ಮನೆಗೆ ಬಂದೇ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಹಾರುಬೂದಿ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಯುರೇನಿಯಂ, ಥೋರಿಯಂ ಸರಣಿಯ ಧಾತುಗಳಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ನಿಯಂತ್ರಣ ಬೇಕೆನ್ನುವುದು ವಿಕಿರಣಶೀಲತೆ ಕಿಲೋಗೆ 1,000 ಬೆಕೆರೆಲ್ ದಾಟಿದಾಗ. ಭಾರತದ ಹಾರುಬೂದಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗಿರುತ್ತದೆ.

ಮನೆಯೊಳಗೆ ಲಕ್ಷ್ಯ ಕೊಡಬೇಕಾದದ್ದು ರೇಡಾನ್ ಅನಿಲಕ್ಕೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣಗಳಲ್ಲಿ ಅದೊಂದು. ಹಾರುಬೂದಿಯ ಕಣ ಕುಲುಮೆಯಲ್ಲಿ ಕರಗಿ ಗಾಜಿನಂತಾಗಿರುವುದರಿಂದ ಒಳಗೆ ಹುಟ್ಟುವ ರೇಡಾನಿನ ಬಹುಪಾಲು ಹೊರಬರದೆ ಅಲ್ಲೇ ಉಳಿಯುತ್ತದೆ. ಮನೆಯ ರೇಡಾನಿನ ಮುಖ್ಯ ಮೂಲ ತಳದ ನೆಲ. ಗ್ರಾನೈಟ್ ಸೀಮೆಯಾಗಲಿ ಬಸಾಲ್ಟ್ ಸೀಮೆಯಾಗಲಿ, ಎದುರುಬದುರು ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಅದು ನಿಲ್ಲುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಕಿಟಕಿಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಮಳೆ ಬಿಡುವು ಕೊಟ್ಟಾಗಲಾದರೂ ತೆರೆಯುವುದು ಒಳ್ಳೆಯದು.

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯಲ್ಲಿ ಹದಿನೈದು ವರ್ಷಗಳಿಂದ ಕೆಲಸ. ವಿಕಿರಣದ ತಪಾಸಣೆ ಮಾಡಿಸಬೇಕೇ?

ಉತ್ತರ: ಬೇಕಿಲ್ಲ. ಕುಪೋಲಾ ಕುಲುಮೆಗೆ ಹಾಕುವ, ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನಲ್ಲಿ ಇರುವ ಅಲ್ಪ ಯುರೇನಿಯಂ, ಥೋರಿಯಂ ಕಬ್ಬಿಣಕ್ಕೆ ಸೇರದೆ ಕಿಟ್ಟದಲ್ಲಿ ಹೋಗುತ್ತವೆ. ವಿದ್ಯುತ್ತಿನ ಇಂಡಕ್ಷನ್ ಕುಲುಮೆಯಾದರೆ ಕೋಕ್ ಬೇಕಿಲ್ಲ. ಅಚ್ಚಿಗೆ ಝಿರ್ಕಾನ್ ಲೇಪ ಬಳಿಯುವ ಕಡೆ ಮಾತ್ರ ಎಚ್ಚರ ಬೇಕು. ಝಿರ್ಕಾನ್ ಮರಳಿನ ವಿಕಿರಣಶೀಲತೆ ಹಾರುಬೂದಿಯದಕ್ಕಿಂತ ಹೆಚ್ಚು, ಅದರ ಪುಡಿ ಉಸಿರಿಗೆ ಸೇರಬಾರದು.

ಫೌಂಡ್ರಿ ಕೆಲಸಗಾರರಿಗೆ ನಿಜವಾದ ಅಪಾಯ ಸಿಲಿಕಾ ಮರಳಿನ ದೂಳು. ಅಚ್ಚು ಒಡೆಯುವಾಗ, ಎರಕ ಉಜ್ಜಿ ನಯ ಮಾಡುವಾಗ ಏಳುವ ಈ ದೂಳು ವರ್ಷಗಳ ಮೇಲೆ ಸಿಲಿಕೋಸಿಸ್ ತರುತ್ತದೆ. ಅದಕ್ಕೆ ಗುಣಪಡಿಸುವ ಔಷಧಿ ಇಲ್ಲ. ಅದರ ಜೊತೆ ಕ್ಷಯ ತಗಲುವ ಸಂಭವವೂ ಹೆಚ್ಚು. ಹದಿನೈದು ವರ್ಷ ದುಡಿದವರಿಗೆ ಬೇಕಾದದ್ದು ಎದೆಯ ಎಕ್ಸ್‌ರೇ, ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ, ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇಷ್ಟು ಸಣ್ಣ ಪ್ರಮಾಣದ ವಿಕಿರಣ ಪತ್ತೆಯಾಗುವುದಿಲ್ಲ. ಬಟ್ಟೆಯ ಕರವಸ್ತ್ರ ಸಿಲಿಕಾ ಕಣವನ್ನು ತಡೆಯದು; ಮೂಗಿಗೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು, ದೂಳೇಳುವಲ್ಲಿ ನೀರು ಚಿಮುಕಿಸುವ ಅಥವಾ ದೂಳು ಹೀರುವ ವ್ಯವಸ್ಥೆ ಅದಕ್ಕೂ ಮೊದಲು ಬೇಕು. ಸಿಲಿಕೋಸಿಸ್ ಕಾನೂನಿನಂತೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಹಾಗಾಗಿ ಯಾವ ಫೌಂಡ್ರಿಯಲ್ಲಿ, ಯಾವ ವಿಭಾಗದಲ್ಲಿ, ಎಷ್ಟು ವರ್ಷ ಕೆಲಸ ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮುಂದೆ ಪರಿಹಾರ ಕೇಳುವಾಗ ಆ ದಾಖಲೆ ಬೇಕಾಗುತ್ತದೆ.