ಕೂಲಿಯಲ್ಲ, ಶಿಕ್ಷೆಯಲ್ಲ, ಕಲಿಕೆ: ಕೆ.ವಿ. ಅಯ್ಯರ್ ಅವರ ವ್ಯಾಯಾಮ ಜೀವನ ಮತ್ತು ಒಂಬತ್ತನೆಯ ತರಗತಿಯ ಸ್ನಾಯು ಪಾಠ

ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ಅಂಗಾಂಶಗಳು’ ಘಟಕದ ಕೊನೆಯ ಭಾಗದಲ್ಲಿ ಸ್ನಾಯು ಅಂಗಾಂಶ ಬರುತ್ತದೆ. ಮೂರು ಚಿತ್ರ, ಮೂರು ಹೆಸರು, ಒಂದು ವ್ಯತ್ಯಾಸಗಳ ಪಟ್ಟಿ. ಸಾಮಾನ್ಯವಾಗಿ ಒಂದೇ ಅವಧಿಯಲ್ಲಿ ಮುಗಿಯುವ ವಿಷಯ. ಅಭ್ಯಾಸ ಬೋಧನೆಗಾಗಿ ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿತಳಾಗಿದ್ದ ನಾನು, ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಇದಕ್ಕೆ ಮೂರು ಅವಧಿಗಳನ್ನು ತೆಗೆದುಕೊಂಡೆ. ಪಾಠಕ್ಕೆ ಆಧಾರವಾಗಿ ಇದೇ ಕೋಲಾರ ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಯಾಮ ಗುರುವಾದ ಕೆ.ವಿ. ಅಯ್ಯರ್ ಅವರ ಬದುಕನ್ನು ಆರಿಸಿಕೊಂಡೆ. ಆ ಪಾಠ ಹೇಗೆ ನಡೆಯಿತು, ಮಕ್ಕಳು ಏನು ಕೇಳಿದರು, ಅದರಿಂದ ನಮಗೆ ಏನು ಉಪಯೋಗ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ವಿಷಯದ ಆಯ್ಕೆಗೆ ಕಾರಣ

ಪೂರ್ವಜ್ಞಾನ ಪರೀಕ್ಷೆಗೆಂದು ತರಗತಿಯಲ್ಲಿ, “ಎಲ್ಲರೂ ಎದ್ದು ಹತ್ತು ಬಸ್ಕಿ ಹೊಡೆಯೋಣ” ಎಂದೆ. ಹಿಂದಿನ ಬೆಂಚಿನಿಂದ ತಕ್ಷಣ ಬಂದ ಮಾತು: “ಏನ್ ತಪ್ಪು ಮಾಡಿದ್ವಿ ಮಿಸ್?”

ಮಕ್ಕಳು ನಕ್ಕರು. ಆದರೆ ಆ ಪ್ರಶ್ನೆಯಲ್ಲಿ ಯೋಚಿಸಬೇಕಾದ ಸಂಗತಿ ಇದೆ. ಗರಡಿ ಮನೆಯಲ್ಲಿ ಬಸ್ಕಿ ಒಂದು ಸಾಧನೆ. ಶಾಲೆಯಲ್ಲಿ ಅದು ಹೋಂವರ್ಕ್ ಮಾಡದವರಿಗೆ ಕೊಡುವ ದಂಡನೆ. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸಿದೆ ಎಂದು ನಾವೆಲ್ಲ ಓದಿದ್ದೇವೆ. ಕಾನೂನಿನ ಮಾತು ಹಾಗಿರಲಿ, ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಿದರೆ ಮಗು ಕಲಿಯುವುದು ಒಂದೇ: ಮೈ ದಣಿಸುವುದು ಅವಮಾನದ ಕೆಲಸ.

ಮುಂದಿನ ಹತ್ತು ನಿಮಿಷಗಳ ಮಾತುಕತೆಯಲ್ಲಿ ಇನ್ನೆರಡು ಅಂಶಗಳು ಹೊರಬಂದವು. ಈ ಮಕ್ಕಳಿಗೆ ಮೈ ದಣಿಯುವುದು ಹೊಸತಲ್ಲ. ಹೊಲ, ತೋಟ, ಮನೆಯಲ್ಲಿ ಅವರು ದಿನವೂ ದುಡಿಯುತ್ತಾರೆ. ವ್ಯಾಯಾಮ ಎಂದಾಗ ಮಾತ್ರ ಅವರ ಕಣ್ಣಿಗೆ ಬರುವುದು ಮೊಬೈಲಿನಲ್ಲಿ ಕಾಣುವ ಜಿಮ್ಮಿನ ದೇಹ. ಅಂದರೆ ದೇಹಶ್ರಮ ಅವರಿಗೆ ಒಂದೋ ಕೂಲಿ, ಇಲ್ಲವೇ ಶಿಕ್ಷೆ, ಇಲ್ಲವೇ ಬೇರೆ ಯಾರದೋ ಚಿತ್ರ. ಅದು ಕಲಿಯಬಹುದಾದ, ಕಲಿಸಬಹುದಾದ ವಿದ್ಯೆ ಎಂಬ ಕಲ್ಪನೆ ಇರಲಿಲ್ಲ. ಅಯ್ಯರ್ ಅವರ ಬದುಕು ಈ ಕೊರತೆಯನ್ನು ತುಂಬುತ್ತದೆ ಎನಿಸಿತು.

ಕಲಿಕಾ ಉದ್ದೇಶಗಳು

1. ಮೂರು ಬಗೆಯ ಸ್ನಾಯುಗಳನ್ನು ರಚನೆ ಮತ್ತು ಕಾರ್ಯದ ಆಧಾರದ ಮೇಲೆ ಗುರುತಿಸುವುದು.
2. ಸ್ನಾಯುಗಳು ಜೋಡಿಯಾಗಿ ಕೆಲಸ ಮಾಡುವುದನ್ನು ಮಾದರಿಯ ಮೂಲಕ ವಿವರಿಸುವುದು.
3. ದುಡಿಮೆಗೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸವನ್ನು ತನ್ನ ಬದುಕಿನ ಉದಾಹರಣೆಯಿಂದ ಹೇಳುವುದು.
4. ನಾಡಿಬಡಿತವನ್ನು ಅಳೆದು, ದಾಖಲಿಸಿ, ಅರ್ಥೈಸುವುದು.

ಮೊದಲ ಅವಧಿ: ಅಯ್ಯರ್ ಅವರ ಪರಿಚಯ ಮತ್ತು ದಾರದ ಮಾದರಿ

“ಸ್ಯಾಂಡೋ ಬನಿಯನ್ ಯಾರಿಗೆ ಗೊತ್ತು?” ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಿದೆ. ಎಲ್ಲರಿಗೂ ಗೊತ್ತಿತ್ತು. ಆ ಹೆಸರು ಬಂದದ್ದು ಯೂಜೀನ್ ಸ್ಯಾಂಡೋ ಎಂಬ ಜರ್ಮನ್ ಮೂಲದ ದೇಹದಾರ್ಢ್ಯ ಪಟುವಿನಿಂದ ಎನ್ನುತ್ತಾರೆ ಎಂದಾಗ ಮಕ್ಕಳಿಗೆ ಅಚ್ಚರಿ. 20ನೇ ಶತಮಾನದ ಆರಂಭದಲ್ಲಿ ಆತ ಭಾರತಕ್ಕೂ ಬಂದು ಪ್ರದರ್ಶನ ನೀಡಿದ್ದ. ಅಲ್ಲಿಂದ ಮಾತು ಅಯ್ಯರ್ ಅವರ ಕಡೆಗೆ ತಿರುಗಿತು.

ಕೋಲಾರದ ವೆಂಕಟೇಶ ಅಯ್ಯರ್ 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದವರು. ಪಾಶ್ಚಾತ್ಯರ ಡಂಬೆಲ್, ಬಾರ್‌ಬೆಲ್ ಅಭ್ಯಾಸದ ಜೊತೆಗೆ ನಮ್ಮ ಸೂರ್ಯನಮಸ್ಕಾರ, ಯೋಗಾಸನಗಳನ್ನು ಸೇರಿಸಿ ತಮ್ಮದೇ ಒಂದು ಪದ್ಧತಿಯನ್ನು ರೂಪಿಸಿಕೊಂಡರು. ವಿದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾದವು. ಬೆಂಗಳೂರಿನ ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಹೆಸರುವಾಸಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವೂ ದೊರಕಿತು. ಅವರು 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಇವರೇ, ನಾಟಕಕಾರ ಟಿ.ಪಿ. ಕೈಲಾಸಂ ಇವರ ಆಪ್ತರು. 1980ರಲ್ಲಿ ತೀರಿಕೊಂಡಾಗ ಅವರಿಗೆ 80 ದಾಟಿತ್ತು.

ಅವರ ಹಳೆಯ ಛಾಯಾಚಿತ್ರವೊಂದರ ಪ್ರತಿಯನ್ನು ತೋರಿಸಿದೆ. “ಇವರು ಕಥೆ ಬರೆದಿದ್ದಾರಾ?” ಎಂದು ಒಬ್ಬಳು ಕೇಳಿದಳು. ಮೈಕಟ್ಟು ಇರುವವರಿಗೆ ಓದು ಹತ್ತದು, ಓದುವವರಿಗೆ ಮೈಕಟ್ಟು ಬೇಡ ಎಂಬ ಭಾವನೆ ಆ ಪ್ರಶ್ನೆಯಲ್ಲಿತ್ತು. ಅದನ್ನು ಮುರಿಯಲು ಉಪದೇಶ ಬೇಕಾಗಲಿಲ್ಲ, ಅವರ ಬದುಕೇ ಸಾಕಾಯಿತು.

ನಂತರ ಚಟುವಟಿಕೆ. ರಟ್ಟಿನ ಎರಡು ಪಟ್ಟಿಗಳನ್ನು ಮೊಣಕೈಯಂತೆ ಪಿನ್ ಹಾಕಿ ಜೋಡಿಸಿ, ಒಳಭಾಗಕ್ಕೆ ಒಂದು ದಾರ, ಹೊರಭಾಗಕ್ಕೆ ಒಂದು ದಾರ ಕಟ್ಟಿದ ಮಾದರಿಯನ್ನು ಪ್ರತಿ ಗುಂಪಿಗೂ ಕೊಟ್ಟೆ. ಒಳದಾರ ಎಳೆದರೆ ಕೈ ಮಡಚುತ್ತದೆ. “ಈಗ ಅದೇ ದಾರವನ್ನು ತಳ್ಳಿ ಕೈಯನ್ನು ನೇರ ಮಾಡಿ” ಎಂದೆ. ದಾರ ಸುಮ್ಮನೆ ಸುರುಳಿಯಾಯಿತು. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಪ್ರತಿ ಎಳೆತಕ್ಕೂ ಎದುರು ಎಳೆತ ಬೇಕು. ತೋಳಿನ ಮುಂಭಾಗದ ಬೈಸೆಪ್ಸ್ ಮಡಚುತ್ತದೆ, ಹಿಂಭಾಗದ ಟ್ರೈಸೆಪ್ಸ್ ನೇರ ಮಾಡುತ್ತದೆ. ಈ ತತ್ವವನ್ನು ನಾನು ಹೇಳುವ ಮೊದಲೇ ಮೂರು ಗುಂಪುಗಳು ಹೇಳಿದವು.

ಎರಡನೆಯ ಅವಧಿ: ಟೊಮೆಟೊ ಕ್ರೇಟಿನ ಪ್ರಶ್ನೆ

ಪಾಠಯೋಜನೆಯಲ್ಲಿ ಇಲ್ಲದ, ಆದರೆ ಇಡೀ ಪಾಠಕ್ಕೆ ತಿರುವು ಕೊಟ್ಟ ಪ್ರಶ್ನೆ ಈ ಅವಧಿಯಲ್ಲಿ ಬಂತು. ಒಬ್ಬ ಹುಡುಗ ಎದ್ದು ನಿಂತು, “ಮಿಸ್, ನಾನು ಅಪ್ಪನ ಜೊತೆ ತೋಟದಲ್ಲಿ ಟೊಮೆಟೊ ಕ್ರೇಟ್ ಎತ್ತಾಕ್ತೀನಿ. ಅದು ಎಕ್ಸರ್‌ಸೈಜ್ ಅಲ್ವಾ?” ಎಂದ. ಹಿಂದೆಯೇ ಒಬ್ಬ ಹುಡುಗಿ, “ನಮ್ಮಮ್ಮ ಮನೆ ಕೆಲಸಾನೇ ಸಾಕು, ಬೇರೆ ಎಕ್ಸರ್‌ಸೈಜ್ ಯಾಕೆ ಅಂತಾರೆ” ಎಂದಳು.

ಇದಕ್ಕೆ ‘ಅಲ್ಲ’ ಎಂದು ಉತ್ತರಿಸಿದರೆ ಅವರ ಮನೆಯ ದುಡಿಮೆಗೆ ಬೆಲೆ ಇಲ್ಲವೆಂದಂತೆ. ‘ಹೌದು’ ಎಂದು ಬಿಟ್ಟರೆ ವಿಜ್ಞಾನ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಪ್ರಶ್ನೆಯನ್ನು ತರಗತಿಗೇ ಕೊಟ್ಟೆ: ಬಿಂದಿಗೆ ಹೊರುವವರು ಯಾವ ಸೊಂಟದ ಮೇಲೆ ಇಡುತ್ತೀರಿ? ಕೈ ಎತ್ತಿದ ಹುಡುಗಿಯರಲ್ಲಿ ಹೆಚ್ಚಿನವರು ಎಡಸೊಂಟ ಎಂದರು. ಬಲಗಡೆ ಇಟ್ಟು ನಡೆಯಲು ಆಗುತ್ತದೆಯೇ? ಆಗುವುದಿಲ್ಲ, ವಾಲುತ್ತದೆ. ಕ್ರೇಟ್ ಎತ್ತುವಾಗ ಬಗ್ಗುವುದು ಸೊಂಟದಿಂದಲೋ ಮಂಡಿಯಿಂದಲೋ? ಸೊಂಟದಿಂದ. ಬೆನ್ನು ನೋಯಲು ಶುರುವಾದರೆ? “ಲಾರಿ ತುಂಬೋವರೆಗೂ ಬಿಡಂಗಿಲ್ಲ.”

ಈ ಉತ್ತರಗಳನ್ನೇ ಕಪ್ಪುಹಲಗೆಯ ಎಡಭಾಗದಲ್ಲಿ ಬರೆದೆ. ದುಡಿಮೆಯಲ್ಲಿ ಭಾರವನ್ನು ನಿರ್ಧರಿಸುವುದು ಕೆಲಸ; ಚಲನೆ ಒಂದೇ ದಿಕ್ಕಿನದು; ಒಂದೇ ಬದಿಯ ಸ್ನಾಯುಗಳು ಬಳಕೆಯಾಗುತ್ತವೆ; ವಿಶ್ರಾಂತಿ ನಮ್ಮ ಕೈಯಲ್ಲಿಲ್ಲ. ಬಲಭಾಗದಲ್ಲಿ ವ್ಯಾಯಾಮ: ಭಾರವನ್ನು ನಿರ್ಧರಿಸುವುದು ನಮ್ಮ ದೇಹ, ಸ್ವಲ್ಪಸ್ವಲ್ಪವಾಗಿ ಏರಿಸುತ್ತೇವೆ, ಜೋಡಿಯ ಎರಡೂ ಸ್ನಾಯುಗಳಿಗೆ, ದೇಹದ ಎರಡೂ ಬದಿಗಳಿಗೆ ಪಾಲು ಇರುತ್ತದೆ, ವಿಶ್ರಾಂತಿಯೂ ಅಭ್ಯಾಸದ ಭಾಗ. ಹಿಂದಿನ ದಿನದ ದಾರದ ಮಾದರಿ ಇಲ್ಲಿ ಕೆಲಸಕ್ಕೆ ಬಂತು: ಸದಾ ಒಂದೇ ದಾರವನ್ನು ಎಳೆದರೆ ಏನಾಗುತ್ತದೆ ಎಂದು ಮಕ್ಕಳೇ ಕೇಳಿಕೊಂಡರು.

ದುಡಿಮೆಯೂ ದೈಹಿಕ ಚಟುವಟಿಕೆಯೇ, ಅದರಿಂದ ಹೃದಯಕ್ಕೂ ಸ್ನಾಯುಗಳಿಗೂ ಕೆಲಸ ಸಿಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ದುಡಿಯುವ ದೇಹಕ್ಕೇ ವ್ಯಾಯಾಮದ ವಿದ್ಯೆ ಹೆಚ್ಚು ಬೇಕು. ಕ್ರೇಟ್ ಎತ್ತುವಾಗ ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು, ಭಾರವನ್ನು ಮೈಗೆ ಹತ್ತಿರ ಹಿಡಿಯುವುದನ್ನು ಖಾಲಿ ಪೆಟ್ಟಿಗೆಯಿಂದ ಅಭ್ಯಾಸ ಮಾಡಿದೆವು. “ಇದು ಬಸ್ಕಿ ತರಾನೇ ಇದೆ” ಎಂದು ಹುಡುಗನೊಬ್ಬ ಗುರುತಿಸಿದ. ಬಸ್ಕಿಗೆ ಆ ತರಗತಿಯಲ್ಲಿ ಮರ್ಯಾದೆ ಮರಳಿದ್ದು ಅಲ್ಲಿ.

ಅಯ್ಯರ್ ಅವರ ಇನ್ನೊಂದು ಸಾಧನೆಯನ್ನು ಇಲ್ಲಿ ಹೇಳಿದೆ. ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠಗಳನ್ನು ಕಲಿಸಿದರು. ಶಿಷ್ಯ ಎದುರಿಗಿಲ್ಲ, ಅವನ ತಪ್ಪನ್ನು ಕೈಹಿಡಿದು ತಿದ್ದುವಂತಿಲ್ಲ. ಹಾಗಿದ್ದಾಗ ಯಾವುದು ಮೊದಲು, ಯಾವುದು ನಂತರ, ಎಷ್ಟು ಸಲ ಎಂಬುದನ್ನು ಬರೆದೇ ತಿಳಿಸಬೇಕು. ಭಾವಿ ಶಿಕ್ಷಕರಾದ ನಮಗೆ ಇದು ಪರಿಚಿತ ಕೆಲಸ; ನಾವು ಅದನ್ನು ಪಾಠಯೋಜನೆ ಎನ್ನುತ್ತೇವೆ. ದೇಹದ ಮೇಲಿನ ಪ್ರೀತಿ ಅಯ್ಯರ್ ಅವರನ್ನು ದೇಹದಾರ್ಢ್ಯ ಪಟುವಾಗಿ ಮಾಡಿತು. ಆ ಪ್ರೀತಿಗೆ ಕ್ರಮ ಸೇರಿದ್ದರಿಂದ ಅವರು ಗುರುವಾದರು.

ಮೂರನೆಯ ಅವಧಿ: ನಾಡಿಬಡಿತ

ಈ ಅವಧಿ ಮೈದಾನದಲ್ಲಿ, ದೈಹಿಕ ಶಿಕ್ಷಣ ಶಿಕ್ಷಕರ ಸಹಕಾರದೊಂದಿಗೆ ನಡೆಯಿತು. ಉಬ್ಬಸ, ಜ್ವರ, ಹೊಟ್ಟೆನೋವು ಇದ್ದವರು ಮತ್ತು ಬೆಳಗ್ಗೆ ಏನೂ ತಿನ್ನದೆ ಬಂದವರು ಕಾರಣ ಹೇಳದೆಯೇ ಸಮಯಪಾಲಕರಾಗಬಹುದು ಎಂದು ಮೊದಲೇ ತಿಳಿಸಿದೆವು. ಹುಡುಗಿಯರಿಗೆ ಈ ಅವಕಾಶ ಮುಖ್ಯ. ಎಲ್ಲರೆದುರು ಕಾರಣ ಕೇಳಬಾರದು.

ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ವಿಧಾನ. ಕುಳಿತಾಗ ಒಮ್ಮೆ, ಆರು ಸೂರ್ಯನಮಸ್ಕಾರ ಮತ್ತು ಇಪ್ಪತ್ತು ಬಸ್ಕಿಯ ನಂತರ ಒಮ್ಮೆ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಒಬ್ಬಳ ದಾಖಲೆ 80, 144, 100 ಎಂದಿತ್ತು. “ನಾನು ಹೇಳದೇ ಅದು ಜೋರಾಗಿದ್ದು ಹೇಗೆ?” ಎಂದು ಅವಳೇ ಕೇಳಿದಳು. ಐಚ್ಛಿಕ, ಅನೈಚ್ಛಿಕ ಎಂಬ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುವುದಿಲ್ಲ. ಬಸ್ಕಿ ಹೊಡೆಯುವ ತೊಡೆಯ ಸ್ನಾಯು ನಮ್ಮ ಮಾತು ಕೇಳುತ್ತದೆ: ಅದರ ತಂತುಗಳು ಉದ್ದ, ಕವಲಿಲ್ಲದವು, ಪಟ್ಟೆಗಳುಳ್ಳವು, ಹಲವು ಕೋಶಕೇಂದ್ರಗಳುಳ್ಳವು. ಹೃದಯ ಸ್ನಾಯುವಿನಲ್ಲೂ ಪಟ್ಟೆಗಳಿವೆ, ಆದರೆ ಅದು ಕವಲೊಡೆದದ್ದು, ನಮ್ಮ ಅಪ್ಪಣೆಗೆ ಕಾಯುವುದಿಲ್ಲ, ಜೀವಮಾನವಿಡೀ ಬಡಿಯುತ್ತದೆ. ಕರುಳಿನ ಗೋಡೆಯ ಅನೈಚ್ಛಿಕ ಸ್ನಾಯುವಿನಲ್ಲಿ ಪಟ್ಟೆಗಳೇ ಇಲ್ಲ. ನಿಯಮಿತ ಅಭ್ಯಾಸದಿಂದ ಹೃದಯವೂ ಬಲಗೊಂಡು ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ. ಆದ್ದರಿಂದ ವಿಶ್ರಾಂತಿಯಲ್ಲಿ ಅದು ನಿಧಾನವಾಗಿ ಬಡಿದರೂ ಸಾಕಾಗುತ್ತದೆ.

ಈ ಹಂತದಲ್ಲಿ, ನಾನು ನಿರೀಕ್ಷಿಸುತ್ತಿದ್ದ ಪ್ರಶ್ನೆ ಬಂತು: “ಪೌಡರ್ ತಿಂದ್ರೆ ಬಾಡಿ ಬೇಗ ಬರುತ್ತಂತೆ, ನಿಜಾನಾ ಮಿಸ್?” ವ್ಯಾಯಾಮದಿಂದ ಮುಖ್ಯವಾಗಿ ಸ್ನಾಯುತಂತುಗಳು ದಪ್ಪವಾಗುತ್ತವೆ, ಅದಕ್ಕೆ ಪ್ರೋಟೀನ್ ಬೇಕು ಎಂಬುದು ನಿಜ. ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ, ಬೆಳೆಯುವ ವಯಸ್ಸಿಗೆ ಸ್ವಲ್ಪ ಹೆಚ್ಚು. 40 ಕಿಲೋ ತೂಕದ ವಿದ್ಯಾರ್ಥಿಗೆ ಸುಮಾರು 36 ಗ್ರಾಂ ಎಂದು ಮಕ್ಕಳೇ ಲೆಕ್ಕ ಹಾಕಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಐವತ್ತು ಗ್ರಾಂ ಹೆಸರುಕಾಳಿನಲ್ಲಿ 12, ನೂರು ಗ್ರಾಂ ರಾಗಿಹಿಟ್ಟಿನಲ್ಲಿ 7. ಕೂಡಿದರೆ 38. ಮುದ್ದೆ, ಕಾಳುಸಾರು, ಬಿಸಿಯೂಟದ ಮೊಟ್ಟೆ, ಶಾಲೆಯ ಹಾಲು ಸೇರಿದರೆ ಲೆಕ್ಕ ತುಂಬುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಕೂಡಿ ತೋರಿಸಿದ್ದು, ‘ಪೌಡರ್ ಬೇಡ’ ಎಂದು ಹತ್ತು ಸಲ ಹೇಳುವುದಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮೌಲ್ಯಮಾಪನ

ಚಿತ್ರ ಗುರುತಿಸುವ ಪ್ರಶ್ನೆಗಳ ಜೊತೆಗೆ ಒಂದು ಮುಕ್ತ ಪ್ರಶ್ನೆ ಕೊಟ್ಟೆ: ‘ನಿಮ್ಮ ಮನೆಯವರು ಮಾಡುವ ಒಂದು ಕೆಲಸವನ್ನು ಗಮನಿಸಿ. ಯಾವ ಸ್ನಾಯುಗಳಿಗೆ ಹೆಚ್ಚು ಕೆಲಸ ಬೀಳುತ್ತದೆ? ಎದುರು ಸ್ನಾಯುಗಳಿಗೆ ಯಾವ ವ್ಯಾಯಾಮ ಸೂಚಿಸುತ್ತೀರಿ?’

ಒಬ್ಬಳು ಗಾರ್ಮೆಂಟ್ಸ್‌ಗೆ ಹೋಗುವ ತನ್ನ ತಾಯಿಯ ಬಗ್ಗೆ ಬರೆದಿದ್ದಳು. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕತ್ತು ಬಗ್ಗಿರುತ್ತದೆ, ಭುಜ ಮುಂದಕ್ಕೆ ಬಾಗಿರುತ್ತದೆ. ಊಟದ ಬಿಡುವಿನಲ್ಲಿ ಭುಜಗಳನ್ನು ಹಿಂದಕ್ಕೆ ಎಳೆದು ಹತ್ತು ಸಲ ಬಿಡಬೇಕು ಎಂಬುದು ಅವಳ ಸಲಹೆ. ಕೊನೆಯಲ್ಲಿ ಹೀಗೆ ಸೇರಿಸಿದ್ದಳು: ‘ಅಮ್ಮ ನಕ್ಕರು. ಆಮೇಲೆ ಮಾಡಿದರು.’ ಕ್ರೇಟಿನ ಪ್ರಶ್ನೆ ಕೇಳಿದ ಹುಡುಗ, ಅಪ್ಪನಿಗೆ ಮಂಡಿ ಮಡಚಿ ಎತ್ತುವುದನ್ನು ತೋರಿಸಿಕೊಟ್ಟೆ ಎಂದು ಬರೆದಿದ್ದ.

ನಾಡಿಯ ದಾಖಲೆಯನ್ನು ಅಭ್ಯಾಸ ಬೋಧನೆ ಮುಗಿಯುವವರೆಗೂ ವಾರಕ್ಕೊಮ್ಮೆ ಮುಂದುವರಿಸಿದೆವು. ಕೆಲವೇ ವಾರಗಳ ಅಳತೆಯಿಂದ ತೀರ್ಮಾನಕ್ಕೆ ಬರಲಾಗದು ಎಂಬುದನ್ನೂ ಮಕ್ಕಳಿಗೆ ಹೇಳಿದೆ. ಅದೂ ವಿಜ್ಞಾನದ ಪಾಠವೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

ಒಂದು, ಸಾಧಕರ ಚಿತ್ರ ತೋರಿಸಿದರೆ ಸಾಲದು, ಅವರು ನಡೆದ ಕ್ರಮವನ್ನೂ ತೋರಿಸಬೇಕು. ಚಿತ್ರ ಮಾತ್ರ ತೋರಿಸಿದರೆ ತೆಳ್ಳಗಿರುವ ಮಗು, ದಪ್ಪಗಿರುವ ಮಗು ಎರಡೂ ತಲೆ ತಗ್ಗಿಸುತ್ತವೆ. ಈ ಪಾಠದಲ್ಲಿ ಯಾರ ತೂಕವನ್ನೂ ಯಾರೊಂದಿಗೂ ಹೋಲಿಸದಂತೆ ಎಚ್ಚರ ವಹಿಸಬೇಕು.

ಎರಡು, ವಿಜ್ಞಾನ ಶಿಕ್ಷಕರು ಮತ್ತು ದೈಹಿಕ ಶಿಕ್ಷಣ ಶಿಕ್ಷಕರು ಕೂಡಿ ಪಾಠ ಮಾಡಲು ಈ ಘಟಕ ಸೂಕ್ತವಾಗಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೇಳಿ ಪಡೆಯುವ ಮೊದಲು ನಾವು ಈ ಸಂಖ್ಯೆಯನ್ನು ನೆನೆಯಬೇಕು.

ಮೂರು, ನಾವು ಶಿಕ್ಷಕರಾದ ಮೇಲೆ ಬಸ್ಕಿಯನ್ನು ಶಿಕ್ಷೆಯಾಗಿ ಕೊಡಬಾರದು. ಅದು ಮಕ್ಕಳಿಗೆ ಸೇರಬೇಕಾದ ವಿದ್ಯೆ. ಕಲಿಸುವಾಗ ಅವರ ಜೊತೆ ನಾವೂ ನಿಂತು ಹೊಡೆಯಬೇಕು.