ಬಲವಾದ ಎಲೆ: ಕಾಲ್ ಮಾಡುವುದೋ, ರೈಸ್ ಮಾಡುವುದೋ?

ಪೋಕರ್ ಆಟದಲ್ಲಿ ತಮ್ಮ ಕೈಯಲ್ಲಿ ಎರಡು ಕರಿಯ ಏಳುಗಳಿರಲು, ಮೇಜಿನ ಮೇಲೆ ಆಟೀನಿನ ಏಳು, ಆಟೀನಿನ ರಾಜ, ಕಳಾವರಿನ ಮೂರು ಬಿದ್ದುವೆಂದೂ, 100 ಬಿಲ್ಲೆಗಳ ರಾಶಿಗೆ ಎದುರಾಳಿ 50 ಒಡ್ಡಿದಾಗ ಬಲವನ್ನು ಮರೆಮಾಡಲೆಂದು ತಾವು ಕಾಲ್ ಮಾತ್ರ ಮಾಡಿದಿರೆಂದೂ ಬರೆದಿದ್ದೀರಿ. ಅಲ್ಲಿ ರೈಸ್ ಮಾಡಬೇಕಾಗಿತ್ತೆಂಬುದು ನನ್ನ ನಿಸ್ಸಂದಿಗ್ಧ ಅಭಿಪ್ರಾಯ. ಆತನ ಕೈಯಲ್ಲಿ ಎರಡು ಆಟೀನುಗಳಿದ್ದಲ್ಲಿ, ಆತ ಕಾಣದ 47 ಎಲೆಗಳಲ್ಲಿ 9 ಎಲೆಗಳು ಫ್ಲಶ್ಶನ್ನು ಪೂರ್ಣಗೊಳಿಸತಕ್ಕವು, ಅಂದರೆ ಮುಂದಿನ ಎಲೆಗೆ ಸುಮಾರು ಐದರಲ್ಲೊಂದು ಸಂಭವ. ತಾವು 150ಕ್ಕೆ ಏರಿಸಿದ್ದರೆ, 300ನ್ನು ಗೆಲ್ಲಲು ಆತ ಇನ್ನೂ 100 ತೆರಬೇಕಾಗಿ, ಆ ಬೆಲೆ ಅವನ ಸಂಭವವನ್ನು ಮೀರುತ್ತಿತ್ತು. ರಾಜನ ಜೋಡಿ ಹಿಡಿದವನಾದರೋ ಬಹುಶಃ ಸಂತೋಷದಿಂದಲೇ ತೆರುತ್ತಿದ್ದನು. ಮೂರೆಲೆಗಳೂ ಬೇರೆಬೇರೆ ಜಾತಿಯವಾಗಿ, ಎದುರಾಳಿಯು ಬರಿಗೈಯಲ್ಲೇ ಬೆದರಿಸುವ ಸ್ವಭಾವದವನಾಗಿದ್ದರೆ, ಮುಂದಿನ ಸುತ್ತಿನಲ್ಲೂ ಆತನೇ ಪಣವೊಡ್ಡಲೆಂದು ಕಾಲ್ ಮಾಡಿ ಕಾಯುವುದು ಯುಕ್ತ.